ಓದಿದ ಪ್ರಾಣೇಶಾಚಾರ್ಯರು, ನೋಡಿದ ಪ್ರಾಣೇಶಾಚಾರ್ಯರು: ಪಾತ್ರ ತೆರೆಗೆ ಬಂದಾಗ ಅದರ ಒಳಮನಸ್ಸು ಎಲ್ಲಿಗೆ ಹೋಗುತ್ತದೆ?

ಪ್ರಶ್ನೆ – ಎನ್.ಆರ್. ಕಾಲೊನಿ ಓದುಗಿ

ಎಲ್ಲರಿಗೂ ನಮಸ್ಕಾರ. ಬೆಂಗಳೂರಿನ ಎನ್.ಆರ್. ಕಾಲೊನಿಯಲ್ಲಿರುವ ನಮ್ಮ ಮನೆಯ ಹಜಾರದಲ್ಲಿ ಪ್ರತಿ ತಿಂಗಳ ಎರಡನೆಯ ಭಾನುವಾರ ಎಂಟು ಹತ್ತು ಜನ ಸೇರಿ, ಮೊದಲೇ ಗೊತ್ತುಮಾಡಿಕೊಂಡ ಒಂದು ಕನ್ನಡ ಪುಸ್ತಕದ ಬಗ್ಗೆ ಮಾತನಾಡುವ ರೂಢಿ ನಾಲ್ಕು ವರ್ಷಗಳಿಂದ ನಡೆದು ಬಂದಿದೆ. ನಮ್ಮಲ್ಲಿ ನಿವೃತ್ತರೇ ಹೆಚ್ಚು. ಇತ್ತೀಚೆಗೆ ಇಬ್ಬರು ಕಾಲೇಜು ವಿದ್ಯಾರ್ಥಿಗಳೂ ಸೇರಿಕೊಂಡಿದ್ದಾರೆ. ಈ ವರ್ಷ ಪುಸ್ತಕದ ಜೊತೆಗೆ ಅದನ್ನು ಆಧರಿಸಿದ ಚಲನಚಿತ್ರವನ್ನೂ ನೋಡೋಣ ಎಂದು ನಿಶ್ಚಯಿಸಿ, ಯು.ಆರ್. ಅನಂತಮೂರ್ತಿಯವರ 'ಸಂಸ್ಕಾರ'ದಿಂದ ಆರಂಭಿಸಿದೆವು. ಕಾದಂಬರಿ ಪ್ರಕಟವಾದದ್ದು 1965ರಲ್ಲಿ. ಪಟ್ಟಾಭಿರಾಮ ರೆಡ್ಡಿಯವರು ನಿರ್ದೇಶಿಸಿದ ಚಿತ್ರ ಬಂದದ್ದು 1970ರಲ್ಲಿ. ಕಾದಂಬರಿಯನ್ನು ಓದಿದ್ದವರೂ ಓದದೆ ನೇರವಾಗಿ ಚಿತ್ರ ನೋಡಿದವರೂ ಒಂದೇ ಹಜಾರದಲ್ಲಿ ಕುಳಿತಿದ್ದರು. ನನ್ನ ಪ್ರಶ್ನೆ ಹುಟ್ಟಿದ್ದು ಅಲ್ಲಿಯೇ.

ಚಿತ್ರ ಮುಗಿದ ಮೇಲೆ ವಿದ್ಯಾರ್ಥಿಗಳಲ್ಲಿ ಒಬ್ಬ, ಕಥೆಯ ನಾಯಕರಾದ ಅಗ್ರಹಾರದ ಪಂಡಿತ ಪ್ರಾಣೇಶಾಚಾರ್ಯರು ತನಗೆ ಬಹಳ ಬಿಗುಮಾನದ ಮನುಷ್ಯರಾಗಿ ಕಂಡರೆಂದು ಹೇಳಿದ. ಆಚಾರ ಬಿಟ್ಟ ನಾರಣಪ್ಪ ಸತ್ತು, ಅವನ ಸಂಸ್ಕಾರ ಯಾರು ಮಾಡಬೇಕೆಂದು ತೀರ್ಮಾನವಾಗದೆ ಅಗ್ರಹಾರದಲ್ಲಿ ಹೆಣ ಕೊಳೆಯುತ್ತಿರುವಾಗಲೂ ಅವರ ಮುಖ ಕಲಕಿದಂತೆ ತೋರುವುದಿಲ್ಲ ಎಂಬುದು ಅವನ ಆಕ್ಷೇಪ. ನಾನು ಆ ಪಾತ್ರ ಮಾಡಿದ ಗಿರೀಶ ಕಾರ್ನಾಡರ ಅದೇ ಮುಖದಲ್ಲಿ ಅಪಾರವಾದ ಭಯವನ್ನೂ ನಾಚಿಕೆಯನ್ನೂ ಕಂಡಿದ್ದೆ. ಅದನ್ನು ಎಲ್ಲಿ ಕಂಡಿರಿ, ಯಾವ ದೃಶ್ಯದಲ್ಲಿ ಎಂದು ಆತ ವಿನಯದಿಂದಲೇ ಕೇಳಿದಾಗ ನನಗೆ ಬೊಟ್ಟು ಮಾಡಿ ತೋರಿಸಲು ಆಗಲಿಲ್ಲ. ಮನೆಯವರೆಲ್ಲ ಮಲಗಿದ ಮೇಲೆ ಯೋಚಿಸಿದಾಗ ಹೊಳೆದದ್ದು ಇಷ್ಟು: ಆ ಭಯವನ್ನು ನಾನು ಪುಸ್ತಕದಿಂದ ತಂದು ಆ ಮುಖದ ಮೇಲೆ ಇಟ್ಟುಕೊಂಡಿದ್ದೆ. ಕಾದಂಬರಿಯ ಕೊನೆಯ ಭಾಗದಲ್ಲಿ, ಹೆಂಡತಿಯನ್ನು ಕಳೆದುಕೊಂಡು, ನಾರಣಪ್ಪನ ಜೊತೆಗಿದ್ದ ಚಂದ್ರಿಯೊಡನೆ ಕಾಡಿನಲ್ಲಿ ನಡೆದದ್ದನ್ನು ಹೊತ್ತುಕೊಂಡು ಆಚಾರ್ಯರು ದಾರಿ ತಿಳಿಯದೆ ನಡೆಯುತ್ತಿರುವಾಗ, ಹೊರಗೆ ನಡೆಯುವ ಸಂಗತಿಗಳು ಕಡಿಮೆ. ಪುಟಗಟ್ಟಲೆ ನಾವು ಅವರ ತಲೆಯೊಳಗೇ ಇರುತ್ತೇವೆ. ಓದದೆ ನೋಡಿದ ಹುಡುಗನಿಗೆ ಆ ಪುಟಗಳು ಸಿಕ್ಕಿಲ್ಲ. ಹಾಗಾದರೆ ಅವನು ನೋಡಿದ ಪ್ರಾಣೇಶಾಚಾರ್ಯರು ಬೇರೆ ಮನುಷ್ಯರೇ? ಚಿತ್ರ ಆ ಒಳಮನಸ್ಸನ್ನು ಕಳೆದುಕೊಂಡಿತೇ, ಅಥವಾ ನನಗೆ ಕಾಣದ ಬೇರೆ ಯಾವುದೋ ರೂಪದಲ್ಲಿ ಇಟ್ಟುಕೊಂಡಿದೆಯೇ?

ಇದರ ಬೆನ್ನಿಗೇ ಇನ್ನೊಂದು ಚಿಂತೆಯೂ ಇದೆ. 'ನಾಗರಹಾವು' ಚಿತ್ರದ ಚಾಮಯ್ಯ ಮೇಷ್ಟ್ರು ಎಂದೊಡನೆ ನನ್ನ ಕಣ್ಣಿಗೆ ಕೆ.ಎಸ್. ಅಶ್ವತ್ಥ್ ಅವರಲ್ಲದೆ ಇನ್ನೊಬ್ಬರು ಬರುವುದೇ ಇಲ್ಲ. ನಾನು ತ.ರಾ.ಸು. ಅವರ ಕಾದಂಬರಿಯನ್ನು ಓದಿದ್ದು ಚಿತ್ರ ನೋಡಿದ ಎಷ್ಟೋ ವರ್ಷಗಳ ಮೇಲೆ. ಓದುವಾಗಲೂ ಅಶ್ವತ್ಥ್ ಅವರ ದನಿಯೇ ಕೇಳಿಸುತ್ತಿತ್ತು. ಇದು ಲಾಭವೋ ನಷ್ಟವೋ ನನಗೆ ತೀರ್ಮಾನಿಸಲು ಆಗಿಲ್ಲ. ಮುಂದಿನ ತಿಂಗಳಿಗೆ ಯಾವ ಕೃತಿಯನ್ನು ಆರಿಸಿಕೊಳ್ಳಬೇಕು, ಮೊದಲು ಓದಬೇಕೋ ಮೊದಲು ನೋಡಬೇಕೋ, ನೋಡುವಾಗ ಏನನ್ನು ಗಮನಿಸಬೇಕು ಎಂಬುದನ್ನು ಬಲ್ಲವರು ತಿಳಿಸಿದರೆ ನಮ್ಮ ಗುಂಪಿಗೆ ದೊಡ್ಡ ಉಪಕಾರವಾಗುತ್ತದೆ.


ಉತ್ತರ – ಚಿತ್ರಕಥೆಗಾರ, ಬನಶಂಕರಿ

ಓದುಗಿಯವರೇ, ಹದಿನೈದು ವರ್ಷಗಳಿಂದ ಧಾರಾವಾಹಿಗಳಿಗೂ ಒಂದೆರಡು ಚಿತ್ರಗಳಿಗೂ ಚಿತ್ರಕಥೆ ಬರೆದು ಜೀವನ ಮಾಡುತ್ತಿರುವವನು ನಾನು. ನಿಮ್ಮ ಪ್ರಶ್ನೆ ನನಗೆ ಪ್ರತಿದಿನದ ಕೆಲಸದ ಪ್ರಶ್ನೆಯೇ ಆಗಿರುವುದರಿಂದ ಸ್ವಲ್ಪ ದೀರ್ಘವಾಗಿ ಬರೆಯುತ್ತೇನೆ.

ಕಾದಂಬರಿಯೊಂದನ್ನು ಕೈಗೆ ಕೊಟ್ಟು ಇದನ್ನು ತೆರೆಗೆ ತರಬೇಕು ಎಂದಾಗ, ಕಥೆ ಏನು ಎಂಬುದಕ್ಕಿಂತ ಮೊದಲು ನಾನು ಪಾತ್ರವನ್ನು ಯಾರ ಕಣ್ಣಿನಿಂದ ನೋಡುತ್ತಿದ್ದೇವೆ ಎಂಬುದನ್ನು ಗುರುತು ಹಾಕಿಕೊಳ್ಳುತ್ತೇನೆ. ಲೇಖಕರು ಆ ಮನುಷ್ಯನ ತಲೆಯೊಳಗೆ ನಮ್ಮನ್ನು ಕೂರಿಸಿದ್ದಾರೆಯೇ, ಪಕ್ಕದಲ್ಲಿ ನಡೆಸಿದ್ದಾರೆಯೇ, ಬಾಗಿಲ ಸಂದಿಯಿಂದ ಇಣುಕಿಸಿದ್ದಾರೆಯೇ? ಈ ದೂರವೇ ಪಾತ್ರದ ಅರ್ಧ ಜೀವ. ನಟನ ಎತ್ತರ, ಬಣ್ಣ, ಉಡುಪುಗಳನ್ನು ಪುಸ್ತಕದಲ್ಲಿ ಇರುವಂತೆಯೇ ಹೊಂದಿಸಿಯೂ ಈ ದೂರವನ್ನು ಬದಲಿಸಿಬಿಟ್ಟರೆ ಪಾತ್ರ ಬೇರೆಯಾಗಿಬಿಡುತ್ತದೆ; ಹೊರಗಿನದು ಬಹಳಷ್ಟು ಬದಲಾದರೂ ದೂರ ಹಾಗೆಯೇ ಉಳಿದಿದ್ದರೆ ಓದುಗರು ಆ ಪಾತ್ರವನ್ನು ಗುರುತು ಹಿಡಿಯುತ್ತಾರೆ.

'ಸಂಸ್ಕಾರ'ದ ವಿಷಯದಲ್ಲಿ ನಿಮ್ಮ ವಿದ್ಯಾರ್ಥಿಯ ಮಾತನ್ನು ನಾನು ತಪ್ಪು ಎನ್ನಲಾರೆ. ಕ್ಯಾಮೆರಾ ಮುಖದ ಮೇಲೆ ನಿಲ್ಲಬಲ್ಲದು, ಮುಖದ ಹಿಂದೆ ಹೋಗಲಾರದು. ಆ ಚಿತ್ರಕ್ಕೆ ಚಿತ್ರಕಥೆ ಬರೆದವರೂ ಕಾರ್ನಾಡರೇ. ಪುಟಗಟ್ಟಲೆ ನಡೆಯುವ ಆಲೋಚನೆಯನ್ನು ಏನು ಮಾಡುವುದು ಎಂಬುದು ಅವರಿಗೆ ಎದುರಾದ ಮೊದಲ ಕಷ್ಟವೇ ಆಗಿದ್ದಿರಬೇಕು. ಆದರೆ ಅನಂತಮೂರ್ತಿಯವರು ಕಾದಂಬರಿಯಲ್ಲಿಯೇ ಇದಕ್ಕೆ ಒಂದು ದಾರಿಯನ್ನು ಇಟ್ಟಿದ್ದಾರೆ: ಮಾಲೇರ ಪುಟ್ಟ. ಬಾಯಿ ಮುಚ್ಚದೆ ಮಾತನಾಡುವ, ಜಾತ್ರೆ, ಕಾಫಿ, ಕೋಳಿ ಅಂಕ, ಊಟ ಎಂದು ಆಚಾರ್ಯರನ್ನು ಎಳೆದುಕೊಂಡು ಹೋಗುವ ಈ ಸರಳ ಮನುಷ್ಯ ಪಕ್ಕದಲ್ಲಿ ಇರುವುದರಿಂದಲೇ ಆಚಾರ್ಯರ ಮೌನ ಕೇಳಿಸುತ್ತದೆ. ಮುಂದಿನ ಬಾರಿ ನೋಡುವಾಗ ಆಚಾರ್ಯರ ಮುಖವನ್ನು ಬಿಟ್ಟು ಪುಟ್ಟನ ಮಾತನ್ನು ಕೇಳಿಸಿಕೊಳ್ಳಿ. ಪ್ರತಿಯೊಂದು ಮಾತಿಗೂ ಆಚಾರ್ಯರು ಉತ್ತರ ಕೊಡದೆ ಬಿಡುವ ಹೊತ್ತನ್ನು ಗಮನಿಸಿ. ನೀವು ಹುಡುಕುತ್ತಿರುವ ಭಯ ಅಲ್ಲಿ ಸಿಗಬಹುದೆಂದು ನನ್ನ ಎಣಿಕೆ.

ನನಗೆ ಹೆಚ್ಚು ಕಳವಳ ಉಂಟುಮಾಡಿದ್ದು ನಾರಣಪ್ಪನ ಪಾತ್ರ. ಕಾದಂಬರಿ ಆರಂಭವಾಗುವ ಹೊತ್ತಿಗೆ ಅವನು ಸತ್ತಿದ್ದಾನೆ. ಅವನು ನಮಗೆ ಸಿಗುವುದು ಇತರರ ಮಾತಿನಲ್ಲಿ, ನೆನಪಿನಲ್ಲಿ. ಗರುಡಾಚಾರ್ಯನ ನಾರಣಪ್ಪ ಬೇರೆ, ಲಕ್ಷ್ಮಣಾಚಾರ್ಯನ ನಾರಣಪ್ಪ ಬೇರೆ, ಚಂದ್ರಿಯ ನಾರಣಪ್ಪ ಇನ್ನೂ ಬೇರೆ. ಅಗ್ರಹಾರದ ಪ್ರತಿಯೊಬ್ಬರ ದ್ವೇಷ, ಆಸೆ, ಹೊಟ್ಟೆಕಿಚ್ಚು ಸೇರಿ ಓದುಗನ ಮನಸ್ಸಿನಲ್ಲಿ ಒಬ್ಬ ಮನುಷ್ಯ ಆಗುತ್ತಾನೆ. ಚಿತ್ರದಲ್ಲಿ ಪಿ. ಲಂಕೇಶ್ ಆ ಪಾತ್ರದಲ್ಲಿ ಕಾಣಿಸಿಕೊಂಡೊಡನೆ ಈ ಹಲವು ನಾರಣಪ್ಪರು ಒಬ್ಬನಾಗಿಬಿಡುತ್ತಾರೆ. ಲಂಕೇಶರದು ಬಹಳ ಗಟ್ಟಿಯಾದ ಉಪಸ್ಥಿತಿ. ಅಭಿನಯದಲ್ಲಿ ಕೊರತೆ ಇದೆ ಎಂದು ನಾನು ಹೇಳುತ್ತಿಲ್ಲ. ಅಷ್ಟು ಗಟ್ಟಿಯಾಗಿ ಒಬ್ಬ ಮನುಷ್ಯ ಎದುರು ನಿಂತ ಮೇಲೆ ಉಳಿದವರ ಮಾತುಗಳೆಲ್ಲ ಅವನ ಬಗೆಗಿನ ಸರಿ ಅಥವಾ ತಪ್ಪು ವರದಿಗಳಾಗಿ ಕೇಳಿಸತೊಡಗುತ್ತವೆ. ಪುಸ್ತಕದಲ್ಲಿ ಆ ಮಾತುಗಳೇ ಅವನಾಗಿದ್ದವು.

ಒಳಮನಸ್ಸನ್ನು ತೆರೆಗೆ ತರಲು ನಮ್ಮ ಕಸುಬಿನಲ್ಲಿ ಸುಲಭವೆಂದು ಎಣಿಸುವ ಉಪಾಯ ಹಿನ್ನೆಲೆ ದನಿ. ಧಾರಾವಾಹಿಗಳಲ್ಲಿ ತುಟಿ ಅಲುಗದೆ ಪಾತ್ರ ಮಾತಾಡುವುದನ್ನು ನೀವು ನೋಡಿಯೇ ಇರುತ್ತೀರಿ. ನಾನೂ ನೂರಾರು ಬಾರಿ ಬರೆದಿದ್ದೇನೆ, ಬಹುತೇಕ ಸಲ ಬರೆದದ್ದಕ್ಕೆ ಪಶ್ಚಾತ್ತಾಪಪಟ್ಟಿದ್ದೇನೆ. ಮನಸ್ಸಿನಲ್ಲಿ ಒಂದೇ ಕ್ಷಣದಲ್ಲಿ ಹತ್ತು ಕಡೆಗೆ ಎಳೆಯುವ ಆಲೋಚನೆಯನ್ನು ದನಿ ಸಾಲಾಗಿ ನಿಲ್ಲಿಸಿ ಬಿಡಿಸಿ ಹೇಳುತ್ತದೆ. ಹಾಗೆ ಬಿಡಿಸಿದ ಮೇಲೆ ಅದು ಆಲೋಚನೆಯಾಗಿ ಉಳಿಯದೆ ಹೇಳಿಕೆಯಾಗಿಬಿಡುತ್ತದೆ.

ಇದಕ್ಕಿಂತ ಬಹಳ ಮೇಲಾದ ದಾರಿಯನ್ನು ನಾನು ಕಂಡದ್ದು 'ಚೋಮನ ದುಡಿ'ಯಲ್ಲಿ. ಶಿವರಾಮ ಕಾರಂತರ ಕಾದಂಬರಿ 1933ರದು, ಬಿ.ವಿ. ಕಾರಂತರ ಚಿತ್ರ 1975ರದು. ಸುಚಿತ್ರಾ ಫಿಲ್ಮ್ ಸೊಸೈಟಿಯಲ್ಲಿ ಅದನ್ನು ಮೊದಲು ನೋಡಿದಾಗ ನಾನು ಕಾಲೇಜಿನಲ್ಲಿದ್ದೆ. ಚೋಮನಿಗೆ ಬೇಸಾಯ ಮಾಡಬೇಕೆಂಬ ಆಸೆ. ಅವನ ಬಳಿ ಎತ್ತುಗಳೂ ಇವೆ. ಹುಟ್ಟಿದ ಜಾತಿಯ ಕಾರಣಕ್ಕೆ ಭೂಮಿ ಮಾತ್ರ ಸಿಗುವುದಿಲ್ಲ. ಆಸೆ, ಸಿಟ್ಟು, ಮಕ್ಕಳನ್ನು ಒಬ್ಬೊಬ್ಬರಾಗಿ ಕಳೆದುಕೊಂಡ ದುಃಖ ಎಲ್ಲವನ್ನೂ ಅವನು ಹೇಳುವುದು ದುಡಿ ಎಂಬ ಚರ್ಮವಾದ್ಯವನ್ನು ಬಾರಿಸಿ. ಪುಟದ ಮೇಲೆ ಚೋಮ ದುಡಿ ಬಾರಿಸಿದ ಎಂದು ಲೇಖಕರು ಬರೆಯಬಲ್ಲರು, ಆ ಬಡಿತದ ಏರಿಳಿತವನ್ನು ಮಾತಿನಲ್ಲಿ ಸೂಚಿಸಬಲ್ಲರು. ಕತ್ತಲ ಸಭಾಂಗಣದಲ್ಲಿ ಅದು ಎದೆಗೇ ಬಂದು ಬಡಿಯುತ್ತದೆ. ಎಂ.ವಿ. ವಾಸುದೇವರಾವ್ ಅವರು ಆ ಪಾತ್ರಕ್ಕೆ ಅತ್ಯುತ್ತಮ ನಟ ರಾಷ್ಟ್ರಪ್ರಶಸ್ತಿ ಪಡೆದರು. ಅವರ ಅಭಿನಯದಲ್ಲಿ ನಾನು ಇಂದಿಗೂ ಮರೆಯದಿರುವುದು ಅವರು ಮಾತನಾಡಿದ ದೃಶ್ಯಗಳಿಗಿಂತ ದುಡಿಯ ಮೇಲಿನ ಬೆರಳುಗಳನ್ನು. ಇಲ್ಲಿ ಒಳಮನಸ್ಸು ಕಳೆದುಹೋಗಿಲ್ಲ. ಅದು ಒಂದು ವಸ್ತುವಿನೊಳಕ್ಕೆ ಹೋಗಿದೆ. ಕಾದಂಬರಿಕಾರರೇ ಆ ವಸ್ತುವನ್ನು ಪಾತ್ರದ ಕೈಗೆ ಕೊಟ್ಟು, ಕೃತಿಗೆ ಅದರ ಹೆಸರನ್ನೇ ಇಟ್ಟಿದ್ದರು ಎಂಬುದು ನಿರ್ದೇಶಕರ ಭಾಗ್ಯ ಎನ್ನಬೇಕು.

ನಿಮ್ಮ ಗುಂಪಿಗೆ ನನ್ನ ಸಲಹೆ 'ಘಟಶ್ರಾದ್ಧ'. ಅನಂತಮೂರ್ತಿಯವರದೇ ಕಥೆ, ಗಿರೀಶ ಕಾಸರವಳ್ಳಿಯವರ 1977ರ ಚಿತ್ರ. ವೇದಪಾಠಶಾಲೆಯ ಪುಟ್ಟ ಹುಡುಗ ನಾಣಿಯ ಕಣ್ಣಿನಿಂದಲೇ ನಾವು ವಿಧವೆ ಯಮುನಕ್ಕನನ್ನು ನೋಡುತ್ತೇವೆ. ಅವಳಿಗೆ ಏನಾಗುತ್ತಿದೆ ಎಂಬುದು ಅವನಿಗೆ ಪೂರ್ತಿ ತಿಳಿಯದು. ಅವನಿಗೆ ತಿಳಿದಷ್ಟನ್ನು ಮೀರಿ ನಮಗೆ ತಿಳಿಯುತ್ತದೆ, ಆದರೆ ಅವಳ ಮನಸ್ಸು ನಮಗೂ ತೆರೆದುಕೊಳ್ಳುವುದಿಲ್ಲ. ಕಾಸರವಳ್ಳಿಯವರು ಆ ದೂರವನ್ನು ಎಲ್ಲಿಯೂ ಮುರಿಯಲಿಲ್ಲ. ಅವಳ ಸಂಕಟವನ್ನು ಬಿಡಿಸಿ ಹೇಳುವ ಒಂದು ದೃಶ್ಯ ಸೇರಿಸಿದ್ದರೆ ನೋಡುವವರು ಇನ್ನಷ್ಟು ಅಳುತ್ತಿದ್ದರೋ ಏನೋ. ಯಮುನಕ್ಕ ಮಾತ್ರ ಚಿಕ್ಕವಳಾಗಿಬಿಡುತ್ತಿದ್ದಳು. ಬಹಿಷ್ಕಾರದ ಕ್ರಿಯೆ ಮುಗಿದು, ತಲೆ ಬೋಳಿಸಿಕೊಂಡು ಮರದ ಕೆಳಗೆ ಒಂಟಿಯಾಗಿ ಕುಳಿತ ಅವಳನ್ನು, ಊರು ಬಿಟ್ಟು ಹೊರಟ ಹುಡುಗನ ಜೊತೆಯಲ್ಲಿ ನಾವೂ ಬಿಟ್ಟು ಹೋಗುತ್ತೇವೆ. ಇದನ್ನು ಮೊದಲು ಓದಿ, ಆಮೇಲೆ ನೋಡಿ.


ಉತ್ತರ – ದುರ್ಗದವನು, ವಿಜಯನಗರ

ನಾನು ಹುಟ್ಟಿ ಬೆಳೆದದ್ದು ಚಿತ್ರದುರ್ಗದಲ್ಲಿ, ಬೆಂಗಳೂರಿಗೆ ಬಂದು ಮೂವತ್ತು ವರ್ಷವಾಯಿತು. ಚಾಮಯ್ಯ ಮೇಷ್ಟ್ರ ಹೆಸರು ಬಂದ ಮೇಲೆ ಸುಮ್ಮನಿರಲಾಗಲಿಲ್ಲ.

ಚಿತ್ರಕಥೆಗಾರರು ದೂರದ ಬಗ್ಗೆ ಹೇಳಿದ್ದನ್ನು ಒಪ್ಪುತ್ತೇನೆ. ಆದರೆ ಜನಪ್ರಿಯ ಚಿತ್ರಗಳಲ್ಲಿ ಪಾತ್ರವನ್ನು ಬದಲಿಸುವ ಇನ್ನೊಂದು ಬಲವಾದ ಶಕ್ತಿ ಇದೆ, ಅದನ್ನು ಅವರು ಪ್ರಸ್ತಾಪಿಸಲಿಲ್ಲ. ಪುಟ್ಟಣ್ಣ ಕಣಗಾಲರ 'ನಾಗರಹಾವು' 1972ರಲ್ಲಿ ಬಂದಾಗ ಅದಕ್ಕೆ ಆಧಾರವಾಗಿದ್ದದ್ದು ಒಂದು ಕಾದಂಬರಿಯಲ್ಲ, ಮೂರು: 'ನಾಗರಹಾವು', 'ಒಂದು ಗಂಡು ಎರಡು ಹೆಣ್ಣು', 'ಸರ್ಪಮತ್ಸರ'. ಓದುಗ ಮೂರು ಪುಸ್ತಕಗಳ ಉದ್ದಕ್ಕೂ ಕಥಾನಾಯಕ, ಚಾಮಯ್ಯ ಮೇಷ್ಟ್ರ ಶಿಷ್ಯ ರಾಮಾಚಾರಿಯ ಜೊತೆ ಬದುಕುತ್ತಾನೆ. ಅವನ ಹಟ ಕಂಡು ಬೇಸರಪಡುತ್ತಾನೆ, ಅವನನ್ನು ಕ್ಷಮಿಸುತ್ತಾನೆ, ಮತ್ತೆ ಬೇಸರಪಡುತ್ತಾನೆ. ಚಿತ್ರಕ್ಕೆ ಇರುವುದು ಸುಮಾರು ಮೂರು ಗಂಟೆ, ಅದರಲ್ಲಿ ಹಾಡುಗಳೂ ಇರಬೇಕು. ಹೀಗಾಗಿ ಬೇಸರ ಹುಟ್ಟಿಸುವ ಭಾಗಗಳು ಮೊದಲು ಬಿದ್ದುಹೋಗುತ್ತವೆ, ಮೈ ಜುಮ್ಮೆನ್ನಿಸುವ ಭಾಗಗಳು ಉಳಿಯುತ್ತವೆ. 'ಹಾವಿನ ದ್ವೇಷ ಹನ್ನೆರಡು ವರುಷ' ಹಾಡಿಗೆ ಚಿತ್ರಮಂದಿರದಲ್ಲಿ ಶಿಳ್ಳೆ ಹೊಡೆದವರಲ್ಲಿ ನಾನೂ ಒಬ್ಬ. ಆ ಹಾಡಿನಲ್ಲಿ ರಾಮಾಚಾರಿಯ ಸಿಟ್ಟು ಹೆಮ್ಮೆಯ ವಸ್ತುವಾಗಿದೆ. ಪುಸ್ತಕದಲ್ಲಿ ಅದೇ ಸಿಟ್ಟನ್ನು ನಾನು ಒಂದು ರೋಗದಂತೆ ಓದಿದ್ದೆ. ತ.ರಾ.ಸು. ಅವರಿಗೆ ಚಿತ್ರ ಸಮಾಧಾನ ತರಲಿಲ್ಲ, ನಾಗರಹಾವು ಕೇರೆಹಾವಾಯಿತು ಎಂದು ಅವರು ನೊಂದು ನುಡಿದರು ಎಂಬ ಮಾತು ನಮ್ಮೂರಿನಲ್ಲಿ ಇಂದಿಗೂ ಓಡಾಡುತ್ತದೆ. ಚಿತ್ರವನ್ನು ಪ್ರಾಣಕ್ಕಿಂತ ಹೆಚ್ಚಾಗಿ ಪ್ರೀತಿಸುವ ನನ್ನಂಥವನಿಗೂ ಆ ನೋವು ಅರ್ಥವಾಗುತ್ತದೆ.

ಹಾಗೆಂದು ಚಾಮಯ್ಯ ಮೇಷ್ಟ್ರ ವಿಷಯದಲ್ಲಿ ನೀವು ನಷ್ಟದ ಲೆಕ್ಕ ಹಾಕಬೇಡಿ, ಓದುಗಿಯವರೇ. ಚಿತ್ರದ ರಾಮಾಚಾರಿ ಏನನ್ನು ಕಳೆದುಕೊಂಡನೋ ಅದನ್ನು ಅಶ್ವತ್ಥ್ ಅವರು ತಮ್ಮ ಮೈಮೇಲೆ ಹೊತ್ತುಕೊಂಡಿದ್ದಾರೆ. ಶಿಷ್ಯನ ಮೇಲಿನ ಪ್ರೀತಿ ಮತ್ತು ತಾನು ನಂಬಿದ ಸಂಪ್ರದಾಯ ಇವೆರಡರ ನಡುವೆ ಸಿಕ್ಕಿಬಿದ್ದ ಮೇಷ್ಟ್ರ ದನಿ ನಡುಗುವಾಗ, ಅವರು ಕೊಡುತ್ತಿರುವ ಬುದ್ಧಿಮಾತು ಶಿಷ್ಯನ ಬಾಳನ್ನೇ ಮುರಿಯುತ್ತಿದೆ ಎಂಬುದು ನಮಗೆ ತಿಳಿಯುತ್ತದೆ. ಮೇಷ್ಟ್ರು ಕೆಟ್ಟವರಲ್ಲ ಎಂಬುದೂ ಅಷ್ಟೇ ಸ್ಪಷ್ಟವಾಗಿ ತಿಳಿಯುತ್ತದೆ. ಓದುವಾಗ ನಿಮಗೆ ಅವರ ದನಿ ಕೇಳಿಸಿದ್ದು ಆ ಪುಟಗಳಿಗೆ ಸಿಕ್ಕ ಬೆಂಬಲ ಎಂದೇ ನಾನು ತಿಳಿಯುತ್ತೇನೆ.

ಚಿತ್ರಕಥೆಗಾರರು ದುಡಿಯ ಬಗ್ಗೆ ಬರೆದದ್ದನ್ನು ಓದಿದಾಗ ತ.ರಾ.ಸು. ಅವರದೇ ಇನ್ನೊಂದು ಕಾದಂಬರಿ 'ಹಂಸಗೀತೆ' ನೆನಪಾಯಿತು. ಅದನ್ನು ಜಿ.ವಿ. ಅಯ್ಯರ್ 1975ರಲ್ಲಿ ಚಿತ್ರ ಮಾಡಿದರು; ಭೈರವಿ ವೆಂಕಟಸುಬ್ಬಯ್ಯನಾಗಿ ಅನಂತನಾಗ್ ಅಭಿನಯಿಸಿದರು, ಎಂ. ಬಾಲಮುರಳಿಕೃಷ್ಣ ಅವರಿಗೆ ಹಿನ್ನೆಲೆ ಗಾಯನಕ್ಕೆ ರಾಷ್ಟ್ರಪ್ರಶಸ್ತಿ ಬಂದಿತು. ಇಲ್ಲಿ ನನ್ನ ಅನುಭವ ಚಿತ್ರಕಥೆಗಾರರದಕ್ಕೆ ಸ್ವಲ್ಪ ಬೇರೆಯಾಗಿದೆ. ಪುಸ್ತಕದ ವೆಂಕಟಸುಬ್ಬಯ್ಯ ಹಾಡುವಾಗ ನಾನು ನನ್ನ ಜೀವಮಾನದಲ್ಲಿ ಎಲ್ಲಿಯೂ ಕೇಳಿರದ ಒಂದು ಭೈರವಿಯನ್ನು ಕೇಳುತ್ತಿದ್ದೆ. ಚಿತ್ರದಲ್ಲಿ ಕೇಳಿದ್ದು ಅತ್ಯಂತ ಶ್ರೇಷ್ಠವಾದ ಸಂಗೀತ, ಆದರೂ ಈ ಲೋಕದ ಸಂಗೀತ. ದುಡಿಯ ಬಡಿತ ಒರಟಾಗಿದ್ದಷ್ಟೂ ಚೋಮನಿಗೆ ಹತ್ತಿರ. ಅಸಾಧಾರಣ ಕಲಾವಿದನ ಪಾತ್ರಕ್ಕೆ ಮಾತ್ರ ನಿಜವಾದ ಕಂಠ ಎಷ್ಟೇ ದೊಡ್ಡದಾದರೂ ಓದುಗನ ಕಲ್ಪನೆಗೆ ಒಂದು ಮಿತಿ ಹಾಕಿಬಿಡುತ್ತದೆ ಎಂದು ನನಗೆ ಅನ್ನಿಸುತ್ತದೆ. ಸಂಗೀತ ಬಲ್ಲವರು ಯಾರಾದರೂ ಇದಕ್ಕೆ ಉತ್ತರ ಕೊಟ್ಟರೆ ಸಂತೋಷ.


ಉತ್ತರ – ಕುಂದಾಪ್ರದವಳು, ಜಯನಗರ

ಮೇಲಿನ ಇಬ್ಬರೂ ಪುಸ್ತಕದ ಪಾತ್ರವನ್ನು ಉಳಿಸಿಕೊಳ್ಳುವ ಬಗ್ಗೆ ಬರೆದಿದ್ದಾರೆ. ಪಾತ್ರವನ್ನು ತಿಳಿದೂ ತಿಳಿದು ಬದಲಿಸಿದ ಒಂದು ಚಿತ್ರದ ಬಗ್ಗೆ ನಾನು ಹೇಳಬೇಕು. ಅದು ನಮ್ಮ ಸೀಮೆಯ ಲೇಖಕಿ ವೈದೇಹಿಯವರ ಕಥೆಯಿಂದ ಹುಟ್ಟಿದ, ಕಾಸರವಳ್ಳಿಯವರ 2008ರ 'ಗುಲಾಬಿ ಟಾಕೀಸು'.

ಕಥೆಯ ಲಿಲ್ಲೀಬಾಯಿ ಹೆರಿಗೆ ಮಾಡಿಸುವವಳು. ಊರಿಗೆ ಟಾಕೀಸು ಬಂದಾಗ ಹೆಂಗಸರ ಬಾಗಿಲಲ್ಲಿ ಗೇಟು ಕಾಯುವ ಕೆಲಸಕ್ಕೆ ಸೇರುತ್ತಾಳೆ. ಸಿನಿಮಾ ಎಂಬ ಹೊಸ ಸಂಗತಿ ಸಣ್ಣ ಊರಿನ ಹೆಂಗಸರ ಬದುಕಿನಲ್ಲಿ ಎಬ್ಬಿಸಿದ ಸಣ್ಣ ಅಲೆಗಳು ಆ ಕಥೆಯ ಜೀವ. ಚಿತ್ರದಲ್ಲಿ ಕಾಲವೇ ಬೇರೆ: 1990ರ ದಶಕದ ಕೊನೆ, ಕಾರ್ಗಿಲ್ ಯುದ್ಧದ ದಿನಗಳು. ಸೂಲಗಿತ್ತಿ ಗುಲಾಬಿ ಮೀನುಗಾರರ ನಡುವೆ ಬದುಕುವ ಮುಸ್ಲಿಂ ಹೆಂಗಸು, ಗಂಡ ಬಿಟ್ಟುಹೋದವಳು. ಟಾಕೀಸಿನ ಜಾಗದಲ್ಲಿ ಅವಳ ಗುಡಿಸಲಿಗೆ ಬಂದ ಬಣ್ಣದ ಟಿ.ವಿ. ಮತ್ತು ಡಿಶ್ ಇವೆ. ಕೇರಿಯ ಹೆಂಗಸರು ಟಿ.ವಿ. ನೋಡಲು ಅವಳ ಮನೆಗೆ ಬರತೊಡಗುತ್ತಾರೆ. ಊರಿನಲ್ಲಿ ಕೋಮು ವೈಷಮ್ಯ ಬೆಳೆದ ಮೇಲೆ ಅದೇ ಮನೆ ಒಂಟಿಯಾಗುತ್ತದೆ.

ಮೊದಲ ಸಲ ನೋಡಿದಾಗ ನನಗೆ ಸಿಟ್ಟು ಬಂದಿತ್ತು. ಹೆಸರು, ಧರ್ಮ, ಕಾಲ, ಕಸುಬಿನ ಅರ್ಧ ಎಲ್ಲವೂ ಬದಲಾದ ಮೇಲೆ ಇದು ವೈದೇಹಿಯವರ ಪಾತ್ರ ಹೇಗಾದೀತು ಎಂದು ಕೇಳಿಕೊಂಡಿದ್ದೆ. ಕಥೆಯನ್ನು ಮತ್ತೆ ಓದಿದೆ. ತೆರೆಯ ಮೇಲಿನ ಬಣ್ಣಕ್ಕೆ ಮನಸೋತು, ಆ ಬಣ್ಣವನ್ನು ಇತರ ಹೆಂಗಸರಿಗೂ ಹಂಚಿ, ಅದರಿಂದ ತನಗೊಂದು ಸ್ಥಾನ ಸಿಕ್ಕಿತೆಂದು ನಂಬುವ, ಊರಿಗೆಲ್ಲ ಬೇಕಾಗಿಯೂ ಊರಿನವಳಾಗದ ಒಬ್ಬ ಹೆಂಗಸು ಎರಡರಲ್ಲಿಯೂ ಇದ್ದಾಳೆ. ಚಿತ್ರಕಥೆಗಾರರು ಹೇಳಿದ ದೂರ ಇಲ್ಲಿ ಬದಲಾಗಿಲ್ಲ ಎಂದು ಈಗ ನನಗೆ ತೋರುತ್ತದೆ. ಮೂಲಕ್ಕೆ ನಿಷ್ಠರಾಗಿದ್ದೇವೆಂದು ಹೇಳಿಕೊಂಡು ಪಾತ್ರದ ಬೆನ್ನೆಲುಬನ್ನು ಕಿತ್ತು ಹಾಕುವುದಕ್ಕಿಂತ, ಹೀಗೆ ಬಹಿರಂಗವಾಗಿ ಬೇರೆ ಹೆಸರಿಟ್ಟು ಬೇರೆ ಕಾಲಕ್ಕೆ ಒಯ್ಯುವುದು ಹೆಚ್ಚು ಪ್ರಾಮಾಣಿಕವಾದ ಕೆಲಸ.

ಇನ್ನು ಮಾತಿನ ವಿಷಯ. ಅಜ್ಜಿಯ ಬಾಯಿಂದ ಕುಂದಾಪ್ರ ಕನ್ನಡ ಕೇಳಿ ಬೆಳೆದವಳಿಗೆ, ಕರಾವಳಿಯ ಪಾತ್ರಗಳು ತೆರೆಯ ಮೇಲೆ ಬೆಂಗಳೂರಿನ ಕನ್ನಡ ಆಡಿದಾಗ ಮನಸ್ಸು ಮುದುಡುತ್ತದೆ. ಓದುವಾಗ ನಿರೂಪಣೆ ಶಿಷ್ಟ ಕನ್ನಡದಲ್ಲಿ ಇದ್ದರೂ ಪಾತ್ರದ ಮಾತನ್ನು ನಾವು ನಮ್ಮ ಕಿವಿಯಲ್ಲಿ ನಮ್ಮ ಊರಿನ ದಾಟಿಗೆ ತಿರುಗಿಸಿಕೊಳ್ಳುತ್ತೇವೆ. ತೆರೆಯ ಮೇಲೆ ಆ ಸ್ವಾತಂತ್ರ್ಯ ಇಲ್ಲ. ಗುಲಾಬಿಯ ಪಾತ್ರ ಮಾಡಿದ ಉಮಾಶ್ರೀಯವರು ನಮ್ಮ ಕಡೆಯವರಲ್ಲ. ಅವರನ್ನು ಎಷ್ಟೋ ಚಿತ್ರಗಳಲ್ಲಿ ಹಾಸ್ಯ ಪಾತ್ರಗಳಲ್ಲಿ ನೋಡಿದ್ದೆವು, ಆ ಹಳೆಯ ಮುಖವೂ ನೋಡುವವರ ಮನಸ್ಸಿನಲ್ಲಿ ಇರುತ್ತದೆ. ಗುಲಾಬಿ ಟಿ.ವಿ.ಯ ಮುಂದೆ ಕುಳಿತು ಕಣ್ಣರಳಿಸಿ ನೋಡುವಾಗ ಆ ಹಳೆಯ ಮುಖ ನನಗೆ ಒಮ್ಮೆಯೂ ನೆನಪಾಗಲಿಲ್ಲ. ಅವರಿಗೆ ಅತ್ಯುತ್ತಮ ನಟಿ ರಾಷ್ಟ್ರಪ್ರಶಸ್ತಿ ಬಂದದ್ದು ಇದೇ ಪಾತ್ರಕ್ಕೆ.

ಹೋಲಿಸಿ ನೋಡಲು ನಾ. ಡಿಸೋಜರ ಕಾದಂಬರಿಯಿಂದ ಬಂದ 'ದ್ವೀಪ'ವನ್ನೂ ಸೇರಿಸಿಕೊಳ್ಳಿ. ಅಣೆಕಟ್ಟಿನ ನೀರಿನಲ್ಲಿ ಮುಳುಗುವ ಊರನ್ನು ಬಿಡದೆ ಉಳಿದ ಮೂರು ನಾಲ್ಕು ಜನರ ಕಥೆಯಲ್ಲಿ, ಚಿತ್ರ ಸ್ಪಷ್ಟವಾಗಿ ಸೌಂದರ್ಯ ಅವರು ಮಾಡಿದ ನಾಗಿಯ ಕಡೆಗೆ ವಾಲಿಕೊಂಡಿದೆ. ರಾತ್ರಿಯೆಲ್ಲ ಹೆಣಗಿ ಮನೆಯನ್ನು ಉಳಿಸಿದವಳು ಅವಳು. ಬೆಳಗಾದ ಮೇಲೆ ಗಂಡ ಅದನ್ನು ದೈವದ ಕೃಪೆ ಎನ್ನುತ್ತಾನೆ. ಆಗ ಅವಳು ಏನನ್ನೂ ಹೇಳದೆ ನಿಂತದ್ದನ್ನು ನೋಡಿ ನನ್ನ ತಾಯಿ ಎದ್ದು ಅಡುಗೆಮನೆಗೆ ಹೋಗಿಬಿಟ್ಟಿದ್ದರು.


ಉತ್ತರ – ಕಾಲೇಜು ಓದುಗ, ಮಲ್ಲೇಶ್ವರ

ಹಿರಿಯರ ನಡುವೆ ಚಿಕ್ಕದಾಗಿ ಒಂದು ಮಾತು. ನಾನು ಪೂರ್ಣಚಂದ್ರ ತೇಜಸ್ವಿಯವರನ್ನು ಓದಲು ಆರಂಭಿಸಿದ್ದೇ 2023ರಲ್ಲಿ 'ಡೇರ್‌ಡೆವಿಲ್ ಮುಸ್ತಫಾ' ಚಿತ್ರ ನೋಡಿದ ಮೇಲೆ. ಆ ಚಿತ್ರಕ್ಕೆ ಹಣ ಹಾಕಿದವರೂ ತೇಜಸ್ವಿಯವರ ಓದುಗರೇ ಎಂದು ಕೇಳಿ ಕುತೂಹಲ ಹುಟ್ಟಿತ್ತು. ಮೂಲ ಬಹಳ ಚಿಕ್ಕ ಕಥೆ. ಓದಿದಾಗ, ಚಿತ್ರದಲ್ಲಿ ಎರಡು ಗಂಟೆಗೂ ಮೀರಿ ಬೆಳೆದ ಹುಡುಗರೆಲ್ಲ ಇಲ್ಲಿ ಕೆಲವೇ ಗೆರೆಗಳಲ್ಲಿ ಇದ್ದಾರಲ್ಲ ಎಂದು ಆಶ್ಚರ್ಯವಾಯಿತು. ಸಣ್ಣಕಥೆಯ ಪಾತ್ರ ತೆರೆಗೆ ಬರುವಾಗ ಬೆಳೆಯಬೇಕು, ದೊಡ್ಡ ಕಾದಂಬರಿಯ ಪಾತ್ರ ಕುಗ್ಗಬೇಕು. ಬೆಳೆಸುವುದರಲ್ಲಿ ಮೂಲದವರ ಮನಸ್ಸು ನೋಯುವುದು ಕಡಿಮೆ ಎಂದು ನನಗೆ ಅನ್ನಿಸಿತು. ಮೇಲೆ ಹೇಳಿದ ಉದಾಹರಣೆಗಳಲ್ಲಿಯೂ 'ಘಟಶ್ರಾದ್ಧ', 'ಗುಲಾಬಿ ಟಾಕೀಸು' ಎರಡೂ ಸಣ್ಣಕಥೆಗಳಿಂದ ಬಂದವು, 'ನಾಗರಹಾವು' ಮೂರು ಕಾದಂಬರಿಗಳಿಂದ.

ಮೊದಲು ನೋಡಿದವನು ನಾನು. ನಿಜ, ಮುಸ್ತಫಾನಿಗೆ ನನ್ನದೇ ಆದ ಮುಖ ಇಲ್ಲ. ಆದರೆ ಚಿತ್ರ ನೋಡದೆ ಇದ್ದಿದ್ದರೆ ನಾನು ತೇಜಸ್ವಿಯವರ ಕಾದಂಬರಿ 'ಕರ್ವಾಲೊ'ವರೆಗೆ ಬರುತ್ತಲೇ ಇರಲಿಲ್ಲ, ಅದರ ಮಂದಣ್ಣನಿಗೆ ನನ್ನದೇ ಒಂದು ಮುಖ ಕೊಡುತ್ತಲೂ ಇರಲಿಲ್ಲ.


ಪ್ರಶ್ನೆ ಕೇಳಿದವರಿಂದ – ಎನ್.ಆರ್. ಕಾಲೊನಿ ಓದುಗಿ

ನಾಲ್ವರಿಗೂ ಮನಃಪೂರ್ವಕ ಕೃತಜ್ಞತೆಗಳು. ನಿಮ್ಮ ಉತ್ತರಗಳನ್ನು ಮುದ್ರಿಸಿ ನಮ್ಮ ಗುಂಪಿನವರಿಗೆಲ್ಲ ಕೊಟ್ಟಿದ್ದೇನೆ.

ಚಿತ್ರಕಥೆಗಾರರು ಹೇಳಿದಂತೆ ಪುಟ್ಟನ ದೃಶ್ಯಗಳನ್ನು ಮತ್ತೆ ನೋಡಿದೆ, ಆ ವಿದ್ಯಾರ್ಥಿಯನ್ನೂ ಪಕ್ಕದಲ್ಲಿ ಕೂರಿಸಿಕೊಂಡು. ನೋಡಿದ ಮೇಲೆ ಕಾದಂಬರಿಯ ಅದೇ ಭಾಗವನ್ನು ನಾನು ಗಟ್ಟಿಯಾಗಿ ಓದಿದೆ. ಅವನು ಬಹಳ ಹೊತ್ತು ಸುಮ್ಮನಿದ್ದು, ಬಿಗುಮಾನ ಎಂದದ್ದನ್ನು ಹಿಂದಕ್ಕೆ ತೆಗೆದುಕೊಳ್ಳುತ್ತೇನೆ, ಆದರೆ ಭಯ ಕಾಣಿಸುತ್ತದೆ ಎಂದು ಇನ್ನೂ ಹೇಳಲಾರೆ ಎಂದ. ಅವನ ಮಾತನ್ನು ನಾನು ಗೌರವಿಸುತ್ತೇನೆ. ನಾರಣಪ್ಪನ ಬಗ್ಗೆ ಕೇಳಿದಾಗ ಮಾತ್ರ, ಪುಸ್ತಕ ಓದಿದ್ದರೆ ಅವನ ವಿಷಯದಲ್ಲಿ ಯಾರ 'ಮಾತನ್ನು' ನಂಬಬೇಕೆಂದು ತಿಳಿಯದೆ ಒದ್ದಾಡುತ್ತಿದ್ದೆನೇನೋ, ಆ ಒದ್ದಾಟ ತನಗೆ ಸಿಗಲಿಲ್ಲ ಎಂದು ಅವನಾಗಿಯೇ ಹೇಳಿದ. ಪ್ರತಿಯನ್ನು ಮನೆಗೆ ಒಯ್ದಿದ್ದಾನೆ.

ಮುಂದಿನ ತಿಂಗಳಿಗೆ 'ಘಟಶ್ರಾದ್ಧ' ಎಂದು ನಿಶ್ಚಯವಾಗಿದೆ, ಅದರ ಮುಂದಿನ ತಿಂಗಳು 'ಗುಲಾಬಿ ಟಾಕೀಸು'. ಕಥೆಯನ್ನು ಎಲ್ಲರೂ ಮೊದಲು ಓದಿ, ಯಮುನಕ್ಕ ತಮ್ಮ ಕಣ್ಣಿಗೆ ಹೇಗೆ ಕಂಡಳು, ಅವಳ ವಯಸ್ಸೆಷ್ಟು, ಅವಳ ದನಿ ಹೇಗಿದೆ ಎಂಬುದನ್ನು ಒಂದು ಚೀಟಿಯಲ್ಲಿ ಬರೆದು ಲಕೋಟೆಗೆ ಹಾಕಿ ನನಗೆ ಕೊಡಬೇಕೆಂದು ಗೊತ್ತುಮಾಡಿದ್ದೇವೆ. ಚಿತ್ರ ಮುಗಿದ ಮೇಲೆ ಲಕೋಟೆಗಳನ್ನು ತೆರೆಯುತ್ತೇವೆ. ಇದುವರೆಗೆ ಮೂರು ಬಂದಿವೆ.